ಗ್ಯಾಸಿಗೊಂದು ಕಾರಣ, ಸಕ್ಕರೆಗೊಂದು ಕಾರಣ: ಕಾರ್ಬೋಹೈಡ್ರೇಟ್ ಕಡಿತದ ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

46 ವರ್ಷದ ಮಹಿಳೆ. ದಿನದ ಬಹುಪಾಲು ಹೊತ್ತು ಮೇಜಿನ ಮುಂದೆ ಕುಳಿತು ಮಾಡುವ ಲೆಕ್ಕಪತ್ರದ ಕೆಲಸ. ಎತ್ತರ 160 ಸೆಂಟಿಮೀಟರ್, ತೂಕ 78 ಕಿಲೋ. ಮಧ್ಯಾಹ್ನದ ಊಟವಾದ ಒಂದೆರಡು ಗಂಟೆಯಲ್ಲೇ ಹೊಟ್ಟೆ ಉಬ್ಬಲು ತೊಡಗಿ, ಸಂಜೆಯ ಹೊತ್ತಿಗೆ ಸೊಂಟದ ಬಟ್ಟೆ ಸಡಿಲಿಸದೆ ಕೂರಲಾಗದಷ್ಟು ಬಿಗಿಯಾಗುವುದು ಅವರ ಮುಖ್ಯ ದೂರು. ಅದರ ಜೊತೆಗೆ ಗ್ಯಾಸ್, ದಿನಕ್ಕೆ ಎರಡು ಮೂರು ಬಾರಿ ಸಡಿಲ ಮಲ, ರಾತ್ರಿ ಮಲಗಿದ ಮೇಲೆ ಎದೆಯುರಿ, ಊಟದ ನಂತರ ತಡೆಯಲಾಗದ ತೂಕಡಿಕೆ. ಇದೆಲ್ಲ ಸುಮಾರು ಎರಡು ವರ್ಷಗಳಿಂದ ಹೆಚ್ಚುಕಡಿಮೆ ಒಂದೇ ರೀತಿಯಲ್ಲಿ ನಡೆದುಬಂದಿತ್ತು. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಇದೇ ಬಗೆಯ ದೂರಿನೊಂದಿಗೆ ಬರುವ ಇತರರಲ್ಲಿ ಕಂಡದ್ದನ್ನೂ ಅಲ್ಲಲ್ಲಿ ಸೇರಿಸಿದ್ದೇನೆ. ಆದ್ದರಿಂದ ಇದನ್ನು ಒಬ್ಬರ ವೈದ್ಯಕೀಯ ದಾಖಲೆ ಎಂದುಕೊಳ್ಳದೆ ಒಂದು ಮಾದರಿ ಪ್ರಕರಣವೆಂದು ಓದಿಕೊಳ್ಳಬೇಕು.

ಆಹಾರ ಸಲಹೆಗೆ ಬರುವ ಮೊದಲೇ ವೈದ್ಯರು ಅಗತ್ಯ ಪರೀಕ್ಷೆಗಳನ್ನು ಮಾಡಿಸಿದ್ದರು. ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಸರಿಯಾಗಿದ್ದವು. ಮಲದಲ್ಲಿ ರಕ್ತವಾಗಲಿ, ಕರುಳಿನ ಉರಿಯೂತದ ಸೂಚನೆಯಾಗಲಿ ಇರಲಿಲ್ಲ. ಕಾರಣವಿಲ್ಲದೆ ತೂಕ ಇಳಿದಿರಲಿಲ್ಲ. ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲಿ ಅಂಡಾಶಯ ಸಹಜವಾಗಿತ್ತು, ಪಿತ್ತಜನಕಾಂಗದಲ್ಲಿ ಮಾತ್ರ ಸ್ವಲ್ಪ ಕೊಬ್ಬು ಸೇರಿತ್ತು. ಗೋಧಿಯ ಗ್ಲುಟೆನ್ ಎಂಬ ಪ್ರೋಟೀನಿನಿಂದ ಸಣ್ಣ ಕರುಳಿಗೆ ಹಾನಿಯಾಗುವ ಸೀಲಿಯಾಕ್ ಕಾಯಿಲೆಯ ರಕ್ತಪರೀಕ್ಷೆಯನ್ನು ಅವರು ಗೋಧಿ ತಿನ್ನುತ್ತಿದ್ದ ಕಾಲದಲ್ಲೇ ಮಾಡಿದ್ದು, ಅದು ನೆಗೆಟಿವ್ ಬಂದಿತ್ತು. ಇದನ್ನು ಒತ್ತಿ ಹೇಳಲು ಕಾರಣವಿದೆ. ಗೋಧಿಯನ್ನು ವಾರಗಟ್ಟಲೆ ಬಿಟ್ಟು ಆಮೇಲೆ ಈ ಪರೀಕ್ಷೆ ಮಾಡಿಸಿದರೆ ಕಾಯಿಲೆ ಇದ್ದರೂ ಇಲ್ಲವೆಂಬ ಫಲಿತಾಂಶ ಬರುವ ಸಾಧ್ಯತೆ ಇರುವುದರಿಂದ, ಹೊಟ್ಟೆ ಸರಿಯಿಲ್ಲವೆಂದು ಕಾರ್ಬೋಹೈಡ್ರೇಟ್ ಬಿಡಲು ಹೊರಟವರು ಮೊದಲು ಮಾಡಿಸಬೇಕಾದ ಪರೀಕ್ಷೆಗಳಲ್ಲಿ ಇದೊಂದು. ಎಚ್‌ಬಿಎ1ಸಿ (ರಕ್ತದ ಸರಾಸರಿ ಸಕ್ಕರೆಯ ಅಳತೆ) 6.0 ಪ್ರತಿಶತ ಇತ್ತು, ಅಂದರೆ ಮಧುಮೇಹಪೂರ್ವ ಸ್ಥಿತಿ ಎಂದು ಪರಿಗಣಿಸುವ 5.7ರಿಂದ 6.4ರ ವ್ಯಾಪ್ತಿಯೊಳಗೆ. ರಕ್ತದಲ್ಲಿನ ಕೊಬ್ಬಾದ ಟ್ರೈಗ್ಲಿಸರೈಡ್ 212, ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ 118. ಔಷಧ ಯಾವುದನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಹೊಟ್ಟೆಯ ಲಕ್ಷಣಗಳನ್ನು ವೈದ್ಯರು ಐಬಿಎಸ್ (ಪರೀಕ್ಷೆಗಳಲ್ಲಿ ಬೇರೆ ಕಾಯಿಲೆ ಕಾಣದಿದ್ದರೂ ಹೊಟ್ಟೆನೋವು, ಉಬ್ಬರ, ಮಲದ ವ್ಯತ್ಯಾಸ ಕಾಡುವ ಕರುಳಿನ ತೊಂದರೆ) ಎಂದು ಗುರುತಿಸಿದ್ದರು.

ತಾವೇ ಮಾಡಿಕೊಂಡ ಮೊದಲ ಪ್ರಯೋಗ

ಸಲಹೆಗೆ ಬರುವ ಹೊತ್ತಿಗೆ ಅವರು ಕಾರ್ಬೋಹೈಡ್ರೇಟನ್ನು ಒಮ್ಮೆ ಪೂರ್ತಿಯಾಗಿ ಬಿಟ್ಟು ನೋಡಿಯಾಗಿತ್ತು. ಅನ್ನ, ಗೋಧಿ, ಹಣ್ಣು, ಹಾಲು, ಬೇಳೆಕಾಳು, ಗೆಡ್ಡೆಗೆಣಸು, ಸಕ್ಕರೆ, ಎಲ್ಲವನ್ನೂ ಒಂದೇ ದಿನ ನಿಲ್ಲಿಸಿ ಮೊಟ್ಟೆ, ಮಾಂಸ, ಚೀಸ್, ಬೆಣ್ಣೆ ಮತ್ತು ಒಂದಿಷ್ಟು ಸೊಪ್ಪಿನ ಮೇಲೆ ದಿನ ಕಳೆದಿದ್ದರು. ಅವರು ಬರೆದಿಟ್ಟುಕೊಂಡಿದ್ದ ಲೆಕ್ಕದ ಪ್ರಕಾರ ದಿನದ ಕಾರ್ಬೋಹೈಡ್ರೇಟ್ 40 ಗ್ರಾಂ ಆಸುಪಾಸಿಗೆ ಇಳಿದಿತ್ತು. ನಾಲ್ಕೈದು ದಿನಗಳಲ್ಲಿ ಹೊಟ್ಟೆಯ ಉಬ್ಬರ ಬಹುತೇಕ ಹೋಯಿತು. ಮೊದಲ ವಾರದಲ್ಲೇ ತೂಕ ಎರಡು ಕಿಲೋಗೂ ಮಿಕ್ಕಿ ಇಳಿಯಿತು. ಅದೇ ವಾರ ತಲೆನೋವು, ಕಾಲಿನ ಸೆಳೆತ, ಎದ್ದು ನಿಂತರೆ ತಲೆ ಸುತ್ತಿದ ಅನುಭವವೂ ಆಯಿತು. ಎರಡನೆಯ ವಾರ ದಾಟುವಷ್ಟರಲ್ಲಿ ಮಲಬದ್ಧತೆ ಶುರುವಾಗಿ, ಮೂರನೆಯ ವಾರದಲ್ಲಿ ಮೂರು ದಿನಕ್ಕೊಮ್ಮೆ ತಿಣುಕಿ ಹೋಗುವ ಸ್ಥಿತಿ ಬಂತು. ಅಲ್ಲಿಗೆ ಬೇಸತ್ತು ಎಲ್ಲವನ್ನೂ ಮತ್ತೆ ತಿನ್ನತೊಡಗಿದರು. ಉಬ್ಬರ ಮರಳಿತು, ಇಳಿದಿದ್ದ ತೂಕದಲ್ಲಿ ಹೆಚ್ಚಿನ ಭಾಗ ಒಂದೇ ವಾರದಲ್ಲಿ ವಾಪಸಾಯಿತು.

ಈ ಏರಿಳಿತದಲ್ಲಿ ವಿಚಿತ್ರವೇನೂ ಇಲ್ಲ. ದೇಹವು ಗ್ಲೂಕೋಸನ್ನು ಗ್ಲೈಕೋಜೆನ್ ರೂಪದಲ್ಲಿ ಕೂಡಿಟ್ಟುಕೊಳ್ಳುತ್ತದೆ. ವಯಸ್ಕರಲ್ಲಿ ಸ್ನಾಯುಗಳಲ್ಲಿ ಸುಮಾರು 400 ಗ್ರಾಂ, ಪಿತ್ತಜನಕಾಂಗದಲ್ಲಿ ಸುಮಾರು 100 ಗ್ರಾಂ ಇರುತ್ತದೆ, ಮತ್ತು ಪ್ರತಿ ಗ್ರಾಂ ಗ್ಲೈಕೋಜೆನ್‌ನ ಜೊತೆಗೆ ಸುಮಾರು ಮೂರು ಗ್ರಾಂ ನೀರು ಸೇರಿಕೊಂಡಿರುತ್ತದೆ. ಕಾರ್ಬೋಹೈಡ್ರೇಟ್ ನಿಂತಾಗ ಈ ದಾಸ್ತಾನು ಕರಗಿ ನೀರು ಹೊರಹೋಗುತ್ತದೆ. ಇನ್ಸುಲಿನ್ ಮಟ್ಟ ಕುಸಿದಾಗ ಮೂತ್ರಪಿಂಡಗಳು ಸೋಡಿಯಂ ಅನ್ನೂ ಹೆಚ್ಚು ಹೊರಹಾಕುವುದರಿಂದ ತಲೆನೋವು, ಸೆಳೆತ, ತಲೆಸುತ್ತು ಕಾಣಿಸಿಕೊಳ್ಳುತ್ತವೆ. ಮೊದಲ ವಾರದ ತೂಕ ಇಳಿಕೆಯಲ್ಲಿ ಕೊಬ್ಬಿನ ಪಾಲು ಸ್ವಲ್ಪ, ನೀರಿನ ಪಾಲು ಹೆಚ್ಚು. ಈ ಸಂಗತಿಯನ್ನು ಮೊದಲೇ ತಿಳಿದಿದ್ದರೆ ತೂಕ ಮರಳಿದಾಗ ಅವರಿಗೆ ಅಷ್ಟೊಂದು ನಿರಾಶೆಯಾಗುತ್ತಿರಲಿಲ್ಲ ಎಂಬುದು ನನ್ನ ಭಾವನೆ.

ಮಲಬದ್ಧತೆಗೆ ಕಾರಣ ಇನ್ನೂ ಸರಳ. ಅವರ ಆ ಮೂರು ವಾರಗಳ ಊಟದಲ್ಲಿ ನಾರಿನಂಶ ದಿನಕ್ಕೆ ಹತ್ತು ಗ್ರಾಂ ಕೂಡ ಇರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರ ಮಾರ್ಗಸೂಚಿಯಲ್ಲಿ ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರಿನಂಶವನ್ನೂ 400 ಗ್ರಾಂ ತರಕಾರಿ ಮತ್ತು ಹಣ್ಣನ್ನೂ ಸೂಚಿಸಿದೆ. ನಾರು ಕೂಡ ಕಾರ್ಬೋಹೈಡ್ರೇಟ್ ವರ್ಗಕ್ಕೇ ಸೇರಿದ್ದು. ಧಾನ್ಯ, ಕಾಳು, ಹಣ್ಣುಗಳನ್ನು ಒಟ್ಟಿಗೆ ತೆಗೆದಾಗ ಅದೂ ಅವುಗಳ ಜೊತೆಗೇ ಹೊರಟುಹೋಗಿತ್ತು.

ಆದರೂ ಈ ಪ್ರಯೋಗ ವ್ಯರ್ಥವಾಗಿರಲಿಲ್ಲ. ಉಬ್ಬರಕ್ಕೂ ಊಟಕ್ಕೂ ನೇರ ಸಂಬಂಧವಿದೆ ಎಂಬುದನ್ನು ಅದು ತೋರಿಸಿಕೊಟ್ಟಿತ್ತು. ತೋರಿಸಿಕೊಡಲಾಗದಿದ್ದದ್ದು ಯಾವುದರಿಂದ ಎಂಬುದನ್ನು. ಏಕೆಂದರೆ ಹತ್ತು ಬಗೆಯ ಆಹಾರವನ್ನು ಒಂದೇ ದಿನ ಬಿಟ್ಟು, ಹತ್ತನ್ನೂ ಒಂದೇ ದಿನ ಮರಳಿ ತಂದುಕೊಂಡಿದ್ದರು.

ಊಟದ ಲೆಕ್ಕ

ಹಳೆಯ ರೂಢಿಗೆ ಮರಳಿದ ಮೇಲಿನ ಒಂದು ವಾರದ ಊಟ ತಿಂಡಿಯನ್ನು, ಹೊತ್ತು ಮತ್ತು ಲಕ್ಷಣಗಳ ಸಮೇತ, ಬರೆದು ತರಲು ಹೇಳಲಾಯಿತು. ಲೆಕ್ಕದ ಕೆಲಸ ಮಾಡುವವರಾದ್ದರಿಂದ ಅವರ ಪುಸ್ತಕ ಅಚ್ಚುಕಟ್ಟಾಗಿತ್ತು. ದಿನಕ್ಕೆ ಸರಾಸರಿ 330 ಗ್ರಾಂ ಕಾರ್ಬೋಹೈಡ್ರೇಟ್, 16 ಗ್ರಾಂ ನಾರು. ಬೆಳಿಗ್ಗೆ ಬ್ರೆಡ್ಡಿನ ಜೊತೆ ಒಂದು ದೊಡ್ಡ ಲೋಟ ಹಣ್ಣಿನ ರಸ. ಮಧ್ಯಾಹ್ನ ತಟ್ಟೆ ತುಂಬ ಅನ್ನ, ಅದರ ಪಕ್ಕಕ್ಕೆ ಈರುಳ್ಳಿ, ಬೆಳ್ಳುಳ್ಳಿ ಹಾಕಿ ಬೇಯಿಸಿದ ಕಾಳು. ನಡುನಡುವೆ ಹಾಲು, ಸಕ್ಕರೆ ಹಾಕಿದ ಚಹಾ ನಾಲ್ಕು ಬಾರಿ, ಪ್ರತಿ ಬಾರಿಯೂ ಎರಡು ಬಿಸ್ಕತ್ತು. ರಾತ್ರಿ ಊಟ ಹತ್ತರ ಹೊತ್ತಿಗೆ, ಮುಗಿಸಿದ ಅರ್ಧ ಗಂಟೆಯಲ್ಲಿ ನಿದ್ದೆ.

ಆ ಪುಸ್ತಕದಲ್ಲಿ ಬಿಟ್ಟುಹೋಗಿದ್ದ ಒಂದು ಸಂಗತಿ ಮಾತಿನ ನಡುವೆ ಹೊರಬಿತ್ತು. ಮಧ್ಯಾಹ್ನ ಹೊಟ್ಟೆ ಭಾರವೆನಿಸಿದಾಗ ಜೀರ್ಣಕ್ಕೆ ಅನುಕೂಲವಾಗಲೆಂದು ಅವರು ಸಕ್ಕರೆರಹಿತ ಚೂಯಿಂಗ್ ಗಮ್ ಜಗಿಯುತ್ತಿದ್ದರು. ಮೇಜಿನ ಡ್ರಾಯರಿನಲ್ಲಿ ಅದರ ಪೊಟ್ಟಣ ಯಾವಾಗಲೂ ಇರುತ್ತಿತ್ತು, ದಿನಕ್ಕೆ ಏಳೆಂಟು ಮುಗಿಯುತ್ತಿದ್ದವು. ತಿನ್ನುವ ವಸ್ತುವಲ್ಲವೆಂದು ಅದನ್ನು ಬರೆದಿರಲಿಲ್ಲ. ಇಂತಹ ಗಮ್‌ಗಳಲ್ಲಿ ಸಿಹಿಗಾಗಿ ಬಳಸುವ ಸಾರ್ಬಿಟಾಲ್ ಸಣ್ಣ ಕರುಳಿನಲ್ಲಿ ನಿಧಾನವಾಗಿ, ಅದೂ ಅರೆಬರೆಯಾಗಿ ಹೀರಲ್ಪಡುತ್ತದೆ. ಒಂದು ಗಮ್‌ನಲ್ಲಿ ಒಂದು ಗ್ರಾಂಗಿಂತ ತುಸು ಹೆಚ್ಚು ಸಾರ್ಬಿಟಾಲ್ ಇರಬಹುದು. ದಿನದ ಮೊತ್ತ ಹತ್ತು ಗ್ರಾಂ ಮುಟ್ಟಿದಾಗ ಅನೇಕರಿಗೆ ಉಬ್ಬರ, ಗ್ಯಾಸ್, ಸಡಿಲ ಮಲ ಕಾಣಿಸುತ್ತದೆ. ಜಗಿಯುವಾಗ ನುಂಗುವ ಗಾಳಿ ಬೇರೆ. ಮೊದಲ ಪ್ರಯೋಗದ ಮೂರು ವಾರಗಳಲ್ಲಿ ಸಿಹಿ ಬೇಡವೆಂದು ಅವರು ಗಮ್ಮನ್ನೂ ಬಿಟ್ಟಿದ್ದರು ಎಂಬುದನ್ನು ಇಲ್ಲಿ ಗಮನಿಸಬೇಕು.

ಕರುಳಿನಲ್ಲಿ ನಡೆಯುವುದು

ಪ್ರಕರಣದ ಮುಂದಿನ ನಿರ್ಧಾರಗಳು ಅರ್ಥವಾಗಬೇಕಾದರೆ ಕಾರ್ಬೋಹೈಡ್ರೇಟ್‌ಗಳು ಎಲ್ಲಿ ಏನಾಗುತ್ತವೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕಾಗುತ್ತದೆ. ಪಿಷ್ಟವನ್ನು ಒಡೆಯುವ ಅಮೈಲೇಸ್ ಕಿಣ್ವ ಜೊಲ್ಲಿನಲ್ಲಿಯೂ ಮೇದೋಜೀರಕ ಗ್ರಂಥಿಯ ರಸದಲ್ಲಿಯೂ ಇದೆ. ಅದು ತುಂಡರಿಸಿದ್ದನ್ನು ಸಣ್ಣ ಕರುಳಿನ ಒಳಗೋಡೆಯ ಕಿಣ್ವಗಳು ಗ್ಲೂಕೋಸ್ ಆಗಿ ಒಡೆದು ರಕ್ತಕ್ಕೆ ಸೇರಿಸುತ್ತವೆ. ಬೆಂದ ಅನ್ನದ ಪಿಷ್ಟ ಈ ಹಾದಿಯಲ್ಲಿ ಬಹುಪಾಲು ಸಣ್ಣ ಕರುಳಿನಲ್ಲೇ ಮುಗಿದುಹೋಗುತ್ತದೆ. ದೊಡ್ಡ ಕರುಳಿಗೆ ತಲುಪಿ ಹುದುಗುವ ಭಾಗ ತೀರ ಕಡಿಮೆ. ಗ್ಯಾಸಿನ ವಿಷಯದಲ್ಲಿ ಧಾನ್ಯಗಳ ಪೈಕಿ ಅನ್ನದಷ್ಟು ನಿರುಪದ್ರವಿ ಇನ್ನೊಂದು ಸಿಗುವುದು ಕಷ್ಟ.

ಇದಕ್ಕೆ ವಿರುದ್ಧವಾಗಿ ಗೋಧಿ, ಈರುಳ್ಳಿ, ಬೆಳ್ಳುಳ್ಳಿಗಳಲ್ಲಿರುವ ಫ್ರಕ್ಟಾನ್ ಎಂಬ ಸಕ್ಕರೆಯ ಸರಪಳಿ, ಕಾಳುಗಳಲ್ಲಿರುವ ಅಂಥದೇ ಗ್ಯಾಲಕ್ಟೋ-ಒಲಿಗೋಸ್ಯಾಕರೈಡ್‌ಗಳನ್ನು ಒಡೆಯುವ ಕಿಣ್ವ ಮನುಷ್ಯರಲ್ಲಿ ಯಾರಿಗೂ ಇಲ್ಲ. ಹಾಲಿನ ಲ್ಯಾಕ್ಟೋಸನ್ನು ಒಡೆಯುವ ಲ್ಯಾಕ್ಟೇಸ್ ಜಗತ್ತಿನ ವಯಸ್ಕರಲ್ಲಿ ಸುಮಾರು ಮೂರನೇ ಎರಡರಷ್ಟು ಜನರಲ್ಲಿ ಬಾಲ್ಯದ ನಂತರ ಕುಗ್ಗುತ್ತದೆ. ಹಣ್ಣಿನ ರಸದ ಫ್ರಕ್ಟೋಸ್ ಒಂದು ಮಿತಿಯವರೆಗೆ ಮಾತ್ರ ಹೀರಲ್ಪಡುತ್ತದೆ, ಮಿತಿ ಒಬ್ಬೊಬ್ಬರಿಗೆ ಒಂದೊಂದು. ಹೀಗೆ ಹೀರಲ್ಪಡದೆ ಉಳಿದ ಚಿಕ್ಕ ಸಕ್ಕರೆಗಳು ಸಣ್ಣ ಕರುಳಿನಲ್ಲಿ ನೀರನ್ನು ಎಳೆದುಕೊಳ್ಳುತ್ತವೆ, ದೊಡ್ಡ ಕರುಳಿನಲ್ಲಿ ಸೂಕ್ಷ್ಮಜೀವಿಗಳ ಆಹಾರವಾಗಿ ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್, ಕೆಲವರಲ್ಲಿ ಮೀಥೇನ್ ಹುಟ್ಟಿಸುತ್ತವೆ. ಕರುಳು ಅತಿಸಂವೇದಿಯಾಗಿರುವವರಿಗೆ ಎಲ್ಲರಲ್ಲೂ ಹುಟ್ಟುವಷ್ಟೇ ಗ್ಯಾಸ್ ನೋವಾಗಿ, ಬಿಗಿತವಾಗಿ ಅನುಭವಕ್ಕೆ ಬರುತ್ತದೆ. ಅದೇ ಹುದುಗುವಿಕೆಯಲ್ಲಿ ಬ್ಯುಟಿರೇಟ್‌ನಂತಹ ಕೊಬ್ಬಿನಾಮ್ಲಗಳೂ ಹುಟ್ಟುತ್ತವೆ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಮುಖ್ಯ ಇಂಧನ ಅವೇ. ಹಾಗಾಗಿ ಹುದುಗುವಿಕೆಯನ್ನು ಶತ್ರುವೆಂದು ಭಾವಿಸಿ ಕಾಯಂ ಆಗಿ ನಿಲ್ಲಿಸಲು ಹೊರಡುವುದು ಸರಿಯಲ್ಲ.

ಈ ದೃಷ್ಟಿಯಿಂದ ನೋಡಿದಾಗ ಈ ಮಹಿಳೆಯ ಎರಡು ಸಮಸ್ಯೆಗಳು ಎರಡು ಬೇರೆ ಪಟ್ಟಿಗಳಿಗೆ ಸೇರುತ್ತವೆ. ರಕ್ತದ ಸಕ್ಕರೆ ಮತ್ತು ಟ್ರೈಗ್ಲಿಸರೈಡ್ ಏರಿಸುತ್ತಿದ್ದವು ಬೇಗ ಹೀರಲ್ಪಡುವ ಪಿಷ್ಟ ಮತ್ತು ಸಕ್ಕರೆಗಳು: ತಟ್ಟೆ ತುಂಬ ಅನ್ನ, ಬಿಸ್ಕತ್ತು, ಚಹಾದ ಸಕ್ಕರೆ, ಹಣ್ಣಿನ ರಸ. ಹೊಟ್ಟೆ ಉಬ್ಬಿಸುತ್ತಿದ್ದವು ಹೀರಲ್ಪಡದ ಸಕ್ಕರೆಗಳು: ಗೋಧಿ (ಬಿಸ್ಕತ್ತಿನಲ್ಲಿರುವುದೂ ಸೇರಿ), ಈರುಳ್ಳಿ, ಕಾಳು, ಹಾಲು, ಗಮ್, ಮತ್ತೆ ಹಣ್ಣಿನ ರಸ. ಎರಡೂ ಪಟ್ಟಿಯಲ್ಲಿ ನೆಟ್ಟಗೆ ಬೀಳುತ್ತಿದ್ದದ್ದು ರಸ ಮತ್ತು ಬಿಸ್ಕತ್ತು ಮಾತ್ರ. ಹೊಟ್ಟೆಗಾಗಿ ಅನ್ನ ಬಿಡುವುದೂ, ಸಕ್ಕರೆಗಾಗಿ ಕಾಳು ಬಿಡುವುದೂ ಎರಡೂ ಗುರಿ ತಪ್ಪಿದ ಕೆಲಸಗಳು. ಕಾಳಂತೂ ಸಕ್ಕರೆಯ ವಿಷಯದಲ್ಲಿ ಒಳ್ಳೆಯ ಆಹಾರ. ನಿಧಾನವಾಗಿ ಜೀರ್ಣವಾಗುತ್ತದೆ, ಪ್ರೋಟೀನನ್ನೂ ನಾರನ್ನೂ ಜೊತೆಗೆ ತರುತ್ತದೆ.

ಯೋಜನೆ

ಒಟ್ಟು ಕಾರ್ಬೋಹೈಡ್ರೇಟನ್ನು 330 ಗ್ರಾಂನಿಂದ ಸುಮಾರು 160 ಗ್ರಾಂಗೆ ಇಳಿಸುವುದೆಂದು ನಿರ್ಧಾರವಾಯಿತು. ಹಣ್ಣಿನ ರಸ, ಬಿಸ್ಕತ್ತು, ಚಹಾದ ಸಕ್ಕರೆ, ಗಮ್, ಇವು ನಾಲ್ಕು ಮರಳಿ ಬರುವ ಮಾತಿಲ್ಲದೆ ಹೊರಗೆ. ಅನ್ನ ಉಳಿಯಿತು, ಅರ್ಧಕ್ಕೂ ಕಡಿಮೆಯಾಗಿ. ತಟ್ಟೆಯಲ್ಲಿ ತೆರವಾದ ಜಾಗಕ್ಕೆ ಬೇಯಿಸಿದ ತರಕಾರಿ, ಮೊಟ್ಟೆ, ಮೀನು ಅಥವಾ ಗಟ್ಟಿ ತೋಫು ಬಂದವು. ತರಕಾರಿ ಮತ್ತು ಪ್ರೋಟೀನ್ ಮೊದಲು, ಅನ್ನ ಕೊನೆಗೆ ಎಂಬ ಕ್ರಮವನ್ನೂ ಸೂಚಿಸಲಾಯಿತು. ಟೈಪ್ 2 ಮಧುಮೇಹಿಗಳಾದ 11 ಮಂದಿಯ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ ಒಂದೇ ಊಟವನ್ನು ಹೀಗೆ ಕ್ರಮ ಬದಲಿಸಿ ಉಂಡಾಗ ಊಟದ ನಂತರದ ಸಕ್ಕರೆ ಗಮನಾರ್ಹವಾಗಿ ಕಡಿಮೆಯಾಗಿತ್ತು. ಅಧ್ಯಯನ ಚಿಕ್ಕದಾದರೂ ಪಾಲಿಸಲು ಖರ್ಚಿಲ್ಲ, ಅಪಾಯವಿಲ್ಲ.

ಎರಡನೆಯ ಪಟ್ಟಿಗೆ ಬೇರೆ ವಿಧಾನ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ಸಂಶೋಧಕರು 2005ರಿಂದ ರೂಪಿಸುತ್ತ ಬಂದಿರುವ ಫಾಡ್‌ಮ್ಯಾಪ್ ಕ್ರಮದಲ್ಲಿ, ಹುದುಗುವ ಸಕ್ಕರೆಗಳಿರುವ ಆಹಾರವನ್ನು ಕೆಲವು ವಾರ ಮಾತ್ರ ಬಿಟ್ಟು, ನಂತರ ಒಂದೊಂದಾಗಿ ಮರಳಿ ಸೇರಿಸಿ ಯಾವುದು ಎಷ್ಟು ಒಗ್ಗುತ್ತದೆಂದು ಕಂಡುಕೊಳ್ಳಲಾಗುತ್ತದೆ. ಬಿಡುವ ಹಂತ ನಾಲ್ಕು ವಾರ ಎಂದು ಮೊದಲೇ ಗಡುವು ಹಾಕಿಕೊಂಡೆವು. ಗಡುವು ಬೇಕೇ ಬೇಕು. ಬಿಡುವ ಹಂತದಲ್ಲಿ ಕರುಳಿಗೆ ಉಪಕಾರಿಯಾದ ಬೈಫಿಡೊಬ್ಯಾಕ್ಟೀರಿಯಾಗಳ ಪ್ರಮಾಣ ಕುಗ್ಗುವುದು ದಾಖಲಾಗಿದೆ, ಅದನ್ನು ಎಳೆದಷ್ಟೂ ಊಟವೂ ಅನಾವಶ್ಯಕವಾಗಿ ಕಿರಿದಾಗುತ್ತದೆ.

ಮಲಬದ್ಧತೆ ಮರುಕಳಿಸದಂತೆ ನಾರಿನ ಗುರಿಯನ್ನು 25 ಗ್ರಾಂ ಎಂದು ಇಟ್ಟು, ಒಂದೇ ಸಲ ಏರಿಸದೆ ವಾರಕ್ಕೆ ನಾಲ್ಕೈದು ಗ್ರಾಂನಂತೆ ಹೆಚ್ಚಿಸಲಾಯಿತು. ಕ್ಯಾರೆಟ್, ಸೊಪ್ಪು, ಸೌತೆ, ಕಿತ್ತಳೆ, ನೆನೆಸಿದ ಅಗಸೆಬೀಜ ಇದರಲ್ಲಿ ಸೇರಿದವು. ಸಾಲದ ದಿನಗಳಿಗೆ ಇಸಬ್ಗೋಲ್. ಇಸಬ್ಗೋಲ್ ನೀರು ಹಿಡಿದುಕೊಂಡು ಮಲವನ್ನು ಮೃದುಗೊಳಿಸುತ್ತದೆ, ಆದರೆ ಹುದುಗುವುದು ಕಡಿಮೆ. ಉಬ್ಬರದ ತೊಂದರೆ ಇರುವವರಿಗೆ ಗೋಧಿ ಹೊಟ್ಟಿಗಿಂತ ಇದು ಹೊಂದುತ್ತದೆ. ಸಾಕಷ್ಟು ನೀರಿಲ್ಲದೆ ಇದನ್ನು ತೆಗೆದುಕೊಳ್ಳಬಾರದು. ರಾತ್ರಿಯ ಊಟವನ್ನು ಎಂಟು ಗಂಟೆಯೊಳಗೆ ಮುಗಿಸುವುದೆಂದೂ ಒಪ್ಪಿಕೊಂಡರು.

ಒಂದೊಂದಾಗಿ ಮರಳಿ ಸೇರಿಸಿದಾಗ

ನಾಲ್ಕು ವಾರಗಳಲ್ಲಿ ಉಬ್ಬರ ಬಹಳ ಇಳಿಯಿತು. ಎರಡನೆಯ ವಾರದಲ್ಲಿ ಮಲ ಸ್ವಲ್ಪ ಗಟ್ಟಿಯಾದರೂ ಇಸಬ್ಗೋಲ್ ಶುರುಮಾಡಿದ ಮೇಲೆ ಸರಿಹೋಯಿತು. ತಲೆನೋವು, ಸೆಳೆತ ಈ ಬಾರಿ ಬರಲಿಲ್ಲ. 160 ಗ್ರಾಂ ಕಾರ್ಬೋಹೈಡ್ರೇಟ್ ಇರುವ ಊಟದಲ್ಲಿ ಗ್ಲೈಕೋಜೆನ್ ಪೂರ್ತಿ ಬರಿದಾಗುವುದಿಲ್ಲ.

ನಿಜವಾದ ಮಾಹಿತಿ ಸಿಕ್ಕಿದ್ದು ಮರುಸೇರ್ಪಡೆಯಲ್ಲಿ. ಒಂದು ಆಹಾರ, ಮೂರು ದಿನ, ದಿನದಿನಕ್ಕೆ ಹೆಚ್ಚುವ ಪ್ರಮಾಣ. ಆಮೇಲೆ ಎರಡು ದಿನ ಬಿಡುವು, ನಂತರ ಮುಂದಿನದು. ಅರ್ಧ ಲೋಟ ಹಾಲು ಒಗ್ಗಿತು, ಎರಡು ಲೋಟ ಒಗ್ಗಲಿಲ್ಲ. ಮೊಸರು ಮತ್ತು ಗಟ್ಟಿ ಚೀಸ್‌ನಿಂದ ಏನೂ ಆಗಲಿಲ್ಲ, ಮೊಸರು ಹುಳಿಯುವಾಗ ಲ್ಯಾಕ್ಟೋಸ್‌ನ ಒಂದು ಭಾಗ, ಗಟ್ಟಿ ಚೀಸ್ ಮಾಗುವಷ್ಟರಲ್ಲಿ ಬಹುಪಾಲು ಹೋಗಿರುತ್ತದೆ. ಬ್ರೆಡ್ ಒಂದು ಹೋಳಾದರೆ ಸರಿ, ಮೂರು ಹೋಳಾದ ದಿನ ಸಂಜೆ ಹಳೆಯ ಬಿಗಿತ. ಅವರು ಇದನ್ನು ಗ್ಲುಟೆನ್‌ನ ತೊಂದರೆ ಎಂದೇ ನಂಬಿದ್ದರು. ಸೀಲಿಯಾಕ್ ಇಲ್ಲದೆಯೂ ಗ್ಲುಟೆನ್ ಒಗ್ಗುವುದಿಲ್ಲ ಎನ್ನುವ 59 ಜನರನ್ನು ನಾರ್ವೆಯಲ್ಲಿ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲಕ್ಷಣಗಳನ್ನು ಹೆಚ್ಚಿಸಿದ್ದು ಗ್ಲುಟೆನ್ ಅಲ್ಲ, ಫ್ರಕ್ಟಾನ್ ಎಂದು ಕಂಡುಬಂದಿತ್ತು. ಈ ಮಹಿಳೆಗೆ ಈರುಳ್ಳಿಯೂ ಬೆಳ್ಳುಳ್ಳಿಯೂ ಬ್ರೆಡ್ಡಿನಂತೆಯೇ ತೊಂದರೆ ಕೊಟ್ಟದ್ದು, ಅವೆರಡರಲ್ಲೂ ಗ್ಲುಟೆನ್ ಇಲ್ಲದಿರುವುದು, ಅದೇ ದಿಕ್ಕಿನತ್ತ ಬೊಟ್ಟು ಮಾಡುತ್ತದೆ.

ಬೆಳ್ಳುಳ್ಳಿಯ ವಿಷಯದಲ್ಲಿ ಒಂದು ಅಡುಗೆಮನೆಯ ಉಪಾಯ ಬಹಳ ಉಪಯೋಗಕ್ಕೆ ಬಂತು. ಫ್ರಕ್ಟಾನ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಎಸಳುಗಳನ್ನು ಬಿಸಿ ಎಣ್ಣೆಯಲ್ಲಿ ಬಾಡಿಸಿ, ಘಮ ಬಿಟ್ಟುಕೊಂಡ ಮೇಲೆ ಎಸಳುಗಳನ್ನು ಹೊರತೆಗೆದು, ಆಮೇಲೆ ತರಕಾರಿ ಸೇರಿಸಿದರೆ ರುಚಿ ಉಳಿಯುತ್ತದೆ, ತೊಂದರೆ ಉಳಿಯುವುದಿಲ್ಲ. ಎಸಳು ಎಣ್ಣೆಯಲ್ಲಿರುವಾಗ ನೀರು ಬೀಳಬಾರದು, ಅಷ್ಟೆ. ಇಂತಹ ಎಣ್ಣೆಯನ್ನು ಮಾಡಿ ದಿನಗಟ್ಟಲೆ ಹೊರಗಿಡುವುದು ಮಾತ್ರ ಅಪಾಯ. ಗಾಳಿಯಾಡದ ಎಣ್ಣೆಯಲ್ಲಿ ಬಾಟ್ಯುಲಿಸಂ ಎಂಬ ಮಾರಕ ಆಹಾರವಿಷವನ್ನು ಉಂಟುಮಾಡುವ ಬ್ಯಾಕ್ಟೀರಿಯಾ ಬೆಳೆಯಬಹುದು. ಆಯಾ ಹೊತ್ತಿಗೆ ಬೇಕಾದಷ್ಟನ್ನೇ ಮಾಡಿಕೊಳ್ಳಬೇಕು. ಕಾಳಿಗೂ ಇದೇ ರಸಾಯನ ತಿರುವುಮುರುವಾಗಿ ಅನ್ವಯಿಸುತ್ತದೆ: ಹುದುಗುವ ಸಕ್ಕರೆ ನೀರಿಗಿಳಿಯಲೆಂದು ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಮೆತ್ತಗೆ ಬೇಯಿಸಿದ ಕಾಳಿನ ಅರ್ಧ ಬಟ್ಟಲು ಅವರಿಗೆ ಒಗ್ಗಿತು. ಸೇಬು ಒಗ್ಗಲಿಲ್ಲ, ಅದರಲ್ಲಿ ಫ್ರಕ್ಟೋಸ್ ಮತ್ತು ಸಾರ್ಬಿಟಾಲ್ ಎರಡೂ ಇವೆ. ಗಮ್ಮನ್ನು ಅವರು ಕುತೂಹಲಕ್ಕೆಂದು ಒಂದು ದಿನ ಮೊದಲಿನಷ್ಟೇ ಜಗಿದು ನೋಡಿದರು, ಮತ್ತೆ ಕೊಳ್ಳಲಿಲ್ಲ.

ಮೂರು ತಿಂಗಳ ನಂತರ

ಎಚ್‌ಬಿಎ1ಸಿ ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವುದರಿಂದ ಅದಕ್ಕೆ ಮೊದಲು ಮರುಪರೀಕ್ಷೆ ಮಾಡಿಸಿ ಪ್ರಯೋಜನವಿಲ್ಲ. ಮೂರು ತಿಂಗಳಿಗೆ ಅದು 5.7, ತೂಕ 73.5 ಕಿಲೋ, ಟ್ರೈಗ್ಲಿಸರೈಡ್ 149. ಎಲ್‌ಡಿಎಲ್ 120, ಅಂದರೆ ಇದ್ದಲ್ಲೇ. ಅದು ಏರದಿದ್ದುದೇ ಸಮಾಧಾನ, ಏಕೆಂದರೆ ಕಾರ್ಬೋಹೈಡ್ರೇಟ್ ತೆಗೆದ ಜಾಗಕ್ಕೆ ಬೆಣ್ಣೆ, ಕೆನೆ, ಕೊಬ್ಬಿನ ಮಾಂಸ ತುಂಬಿಕೊಂಡವರಲ್ಲಿ ಕೆಲವರಿಗೆ ಎಲ್‌ಡಿಎಲ್ ಗಣನೀಯವಾಗಿ ಏರುವುದುಂಟು. ಈ ಯೋಜನೆಯಲ್ಲಿ ಕೊಬ್ಬು ಮುಖ್ಯವಾಗಿ ಸಸ್ಯದ ಎಣ್ಣೆ, ಬೀಜಗಳು ಮತ್ತು ಮೀನಿನಿಂದ ಬರುತ್ತಿತ್ತು. ಊಟದ ನಂತರದ ತೂಕಡಿಕೆ ಕಡಿಮೆಯಾಗಿದೆ ಎಂದು ಅವರೇ ಹೇಳಿದರು.

ಎದೆಯುರಿ ಹೋದದ್ದಕ್ಕೆ ಕಾರಣ ಹೇಳುವುದು ಕಷ್ಟ. ತೀರ ಕಡಿಮೆ ಕಾರ್ಬೋಹೈಡ್ರೇಟ್ ಇರುವ ಊಟದಿಂದ ಅನ್ನನಾಳದಲ್ಲಿ ಆಮ್ಲದ ಹಿನ್ನುಗ್ಗುವಿಕೆ ಕೆಲವೇ ದಿನಗಳಲ್ಲಿ ಕಡಿಮೆಯಾದದ್ದನ್ನು 2006ರ ಒಂದು ಅಧ್ಯಯನ ದಾಖಲಿಸಿದೆ, ಆದರೆ ಅದರಲ್ಲಿದ್ದವರು ಎಂಟೇ ಮಂದಿ. ಈ ಪ್ರಕರಣದಲ್ಲಿ ತೂಕವೂ ಇಳಿದಿತ್ತು, ರಾತ್ರಿಯ ಊಟವೂ ಎರಡು ಗಂಟೆ ಹಿಂದಕ್ಕೆ ಬಂದಿತ್ತು. ಊಟಕ್ಕೂ ನಿದ್ದೆಗೂ ನಡುವೆ ಅಂತರ ಬಿಟ್ಟದ್ದೇ ದೊಡ್ಡ ಕಾರಣವಿರಬೇಕೆಂದು ನನಗನಿಸುತ್ತದೆ.

ದೊಡ್ಡ ಅಧ್ಯಯನಗಳ ಪಕ್ಕದಲ್ಲಿ

ಒಬ್ಬರ ಅನುಭವದಿಂದ ಎಲ್ಲರಿಗೂ ನಿಯಮ ಮಾಡಲಾಗದು. ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ ಸಂಶೋಧಕರು ಮಧ್ಯಮದಿಂದ ತೀವ್ರ ಸ್ವರೂಪದ ಐಬಿಎಸ್ ಇರುವ 294 ಮಂದಿಯನ್ನು ಮೂರು ಗುಂಪು ಮಾಡಿ ನಡೆಸಿದ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ನಾಲ್ಕು ವಾರಗಳ ನಂತರ ಗಮನಾರ್ಹ ಸುಧಾರಣೆ ಕಂಡವರು ಫಾಡ್‌ಮ್ಯಾಪ್ ಕಡಿತ ಮತ್ತು ಸಾಂಪ್ರದಾಯಿಕ ಸಲಹೆ ಸೇರಿದ ಗುಂಪಿನಲ್ಲಿ 76 ಪ್ರತಿಶತ, ಒಟ್ಟು ಕಾರ್ಬೋಹೈಡ್ರೇಟ್ ಕಡಿತದ ಗುಂಪಿನಲ್ಲಿ 71 ಪ್ರತಿಶತ, ಔಷಧದ ಗುಂಪಿನಲ್ಲಿ 58 ಪ್ರತಿಶತ. ಈ ಅಂಕಿಗಳನ್ನು ಉದ್ಧರಿಸುವವರು ಸಾಮಾನ್ಯವಾಗಿ ಬಿಟ್ಟುಬಿಡುವ ವಿವರವೊಂದಿದೆ: ಅಲ್ಲಿನ ಕಡಿಮೆ ಕಾರ್ಬೋಹೈಡ್ರೇಟ್ ಊಟದಲ್ಲಿ ನಾರಿನಂಶ ಸಾಕಷ್ಟಿರುವಂತೆ ನೋಡಿಕೊಳ್ಳಲಾಗಿತ್ತು. ನಮ್ಮ ಪ್ರಕರಣದ ಮೊದಲ ಪ್ರಯೋಗದಲ್ಲಿ ಇಲ್ಲದೆಹೋದದ್ದು ಇದೇ.

ತೂಕದ ವಿಷಯದಲ್ಲಿ ಕಾರ್ಬೋಹೈಡ್ರೇಟ್ ಕಡಿತಕ್ಕೆ ವಿಶೇಷ ಶಕ್ತಿ ಇದೆಯೆಂಬ ನಂಬಿಕೆಯನ್ನೂ ತುಸು ಸಡಿಲಿಸಿಕೊಳ್ಳಬೇಕು. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ 609 ವಯಸ್ಕರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ವರ್ಷದ ನಂತರ ಕಾರ್ಬೋಹೈಡ್ರೇಟ್ ಕಡಿಮೆ ಮಾಡಿದವರು ಸರಾಸರಿ 6 ಕಿಲೋ, ಕೊಬ್ಬು ಕಡಿಮೆ ಮಾಡಿದವರು 5.3 ಕಿಲೋ ಇಳಿಸಿದ್ದರು. ಈ ಅಂತರಕ್ಕೆ ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಮಹತ್ವವಿರಲಿಲ್ಲ. ಅದೇ ವರ್ಷ ಪ್ರಕಟವಾದ, ಅಮೆರಿಕದ 15,428 ಜನರನ್ನು ದಶಕಗಳ ಕಾಲ ಅನುಸರಿಸಿದ ಇನ್ನೊಂದು ಅಧ್ಯಯನದಲ್ಲಿ, ಶಕ್ತಿಯ 50ರಿಂದ 55 ಪ್ರತಿಶತವನ್ನು ಕಾರ್ಬೋಹೈಡ್ರೇಟ್‌ನಿಂದ ಪಡೆಯುತ್ತಿದ್ದವರಲ್ಲಿ ಸಾವಿನ ಪ್ರಮಾಣ ಎಲ್ಲಕ್ಕಿಂತ ಕಡಿಮೆಯಿತ್ತು. ಅದಕ್ಕಿಂತ ತೀರ ಕಡಿಮೆ ಹಾಗೂ ತೀರ ಹೆಚ್ಚು ಎರಡೂ ಕಡೆ ಏರಿತ್ತು. ಕಾರ್ಬೋಹೈಡ್ರೇಟ್ ಜಾಗಕ್ಕೆ ಪ್ರಾಣಿಮೂಲದ ಕೊಬ್ಬು ಮತ್ತು ಪ್ರೋಟೀನ್ ಬಂದವರಲ್ಲಿ ಅಪಾಯ ಹೆಚ್ಚು, ಸಸ್ಯಮೂಲದ್ದು ಬಂದವರಲ್ಲಿ ಕಡಿಮೆ. ಇದು ಜನರ ಊಟವನ್ನು ಬದಲಿಸದೆ ಗಮನಿಸಿದ ಅಧ್ಯಯನವಾದ್ದರಿಂದ ಕಾರ್ಯಕಾರಣವನ್ನು ಸಾಬೀತುಪಡಿಸುವುದಿಲ್ಲ, ಆದರೂ ಬಿಟ್ಟದ್ದರ ಜಾಗಕ್ಕೆ ಏನು ಬಂತೆಂದು ಕೇಳಲೇಬೇಕು ಎನ್ನುವುದಕ್ಕೆ ಅದು ಬಲ ಕೊಡುತ್ತದೆ.

ಯಾರಿಗೆ ಇದು ನೇರವಾಗಿ ಅನ್ವಯಿಸದು

ಈ ಮಹಿಳೆ ಯಾವ ಔಷಧವನ್ನೂ ತೆಗೆದುಕೊಳ್ಳುತ್ತಿರದಿದ್ದದ್ದು ಕೆಲಸವನ್ನು ಸುಲಭ ಮಾಡಿತ್ತು. ಇನ್ಸುಲಿನ್ ಅಥವಾ ಸಲ್ಫೊನೈಲ್‌ಯೂರಿಯಾ ವರ್ಗದ ಮಧುಮೇಹದ ಮಾತ್ರೆ ತೆಗೆದುಕೊಳ್ಳುವವರು ಪ್ರಮಾಣ ಬದಲಿಸದೆ ಕಾರ್ಬೋಹೈಡ್ರೇಟ್ ಇಳಿಸಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಎಸ್‌ಜಿಎಲ್‌ಟಿ2 ತಡೆಯುವ ಮಧುಮೇಹದ ಮಾತ್ರೆಗಳ ಮೇಲಿರುವವರು ತೀರ ಕಡಿಮೆ ಕಾರ್ಬೋಹೈಡ್ರೇಟ್ ಊಟಕ್ಕೆ ಹೋದಾಗ, ಮೀಟರಿನಲ್ಲಿ ಸಕ್ಕರೆ ಹೆಚ್ಚೇನೂ ಕಾಣದಿದ್ದರೂ ಕೀಟೋಆಸಿಡೋಸಿಸ್ (ರಕ್ತ ಅಪಾಯಕಾರಿಯಾಗಿ ಆಮ್ಲೀಯವಾಗುವ ಸ್ಥಿತಿ) ಆಗಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ ಸಕ್ಕರೆ ಸರಿಯಿದೆಯೆಂದು ಮನೆಯಲ್ಲೇ ಕೂರಬಾರದು. ಗರ್ಭಿಣಿಯರು, ಮೂತ್ರಪಿಂಡದ ಕಾಯಿಲೆ ಇರುವವರು, ಈಗಾಗಲೇ ತೂಕ ಕಡಿಮೆಯಿರುವವರು, ಊಟದ ಬಗ್ಗೆ ಅತಿಯಾದ ಭಯ ಅಥವಾ ನಿಯಂತ್ರಣದ ಇತಿಹಾಸವಿರುವವರು ವೈದ್ಯರ ಜೊತೆಗೂಡಿಯೇ ಮುಂದುವರಿಯಬೇಕು. ಮಲದಲ್ಲಿ ರಕ್ತ, ಕಾರಣವಿಲ್ಲದ ತೂಕ ಇಳಿಕೆ, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಭೇದಿ, 50 ದಾಟಿದ ಮೇಲೆ ಹೊಸದಾಗಿ ಶುರುವಾದ ಉಬ್ಬರ, ಇವುಗಳಲ್ಲಿ ಯಾವುದಿದ್ದರೂ ಊಟ ಬದಲಿಸುವುದಕ್ಕಿಂತ ಮೊದಲು ತಪಾಸಣೆ.

ಈಗಿನ ಸ್ಥಿತಿ

ಆರು ತಿಂಗಳ ಹೊತ್ತಿಗೆ ತೂಕ 74.5 ಕಿಲೋಗೆ ಮರಳಿ ಅಲ್ಲೇ ನಿಂತಿದೆ. ಕಾರ್ಬೋಹೈಡ್ರೇಟ್ ಈಗ ದಿನಕ್ಕೆ 170ರಿಂದ 190 ಗ್ರಾಂ, ನಾರು 26 ಗ್ರಾಂ ಆಸುಪಾಸು. ಅನ್ನ ಪ್ರತಿದಿನವೂ ಇದೆ, ಕಾಳು ವಾರಕ್ಕೆ ನಾಲ್ಕು ದಿನ, ಬ್ರೆಡ್ ಬೆಳಿಗ್ಗೆ ಒಂದೇ ಹೋಳು, ಹಾಲಿನ ಚಹಾ ಎರಡು ಬಾರಿ ಸಕ್ಕರೆಯಿಲ್ಲದೆ. ಉಬ್ಬರ ಪೂರ್ತಿ ಹೋಗಿಲ್ಲ; ವರ್ಷಾಂತ್ಯದ ಲೆಕ್ಕ ಮುಗಿಸುವ ಒತ್ತಡದ ವಾರಗಳಲ್ಲಿ, ಊಟದಲ್ಲಿ ಯಾವ ಬದಲಾವಣೆಯೂ ಇಲ್ಲದೆ, ಅದು ಮರಳುತ್ತದೆ. ಕರುಳಿಗೂ ಮಿದುಳಿಗೂ ಇರುವ ನರಸಂಬಂಧವನ್ನು ನೋಡಿದರೆ ಇದು ಅನಿರೀಕ್ಷಿತವಲ್ಲ, ಮತ್ತು ಆ ವಾರಗಳಲ್ಲಿ ಇನ್ನೊಂದು ಆಹಾರವನ್ನು ಪಟ್ಟಿಯಿಂದ ಕಿತ್ತುಹಾಕದಿರುವುದೇ ಅವರಿಗೆ ಕೊಟ್ಟ ಸಲಹೆ. ಎರಡು ಹೋಳು ಬ್ರೆಡ್ ಒಗ್ಗುತ್ತದೆಯೇ ಎಂಬುದನ್ನು ಒತ್ತಡ ಕಳೆದ ಮೇಲೆ ಮತ್ತೊಮ್ಮೆ ಪರೀಕ್ಷಿಸುವುದಿದೆ. ಎಚ್‌ಬಿಎ1ಸಿ ಮತ್ತು ಪಿತ್ತಜನಕಾಂಗದ ಸ್ಕ್ಯಾನಿಂಗ್‌ ಮರುಪರೀಕ್ಷೆ ವರ್ಷ ತುಂಬಿದಾಗ.